ಕಿರ್ದಿಯಿಲ್ಲದ ಅರಣ್ಯಖಾತೆ

ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯವರು ಎರಡೆರಡು ವರ್ಷಗಳಿಗೊಮ್ಮೆ ದೇಶದ ವನಸಂಪತ್ತನ್ನು ಕುರಿತು ವರದಿಯನ್ನು ಹೊರಡಿಸುವದು ವಾಚಕರಿಗೆ ತಿಳಿದ ಸಂಗತಿಯೇ. 2023ನೆಯ ಸಾಲಿನ ವರದಿಯು 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ದೇಶದ ನೆಲದಲ್ಲಿ ನೂರಕ್ಕೆ 25.17 ಪಾಲು ಅರಣ್ಯ ಮತ್ತು ಮರಗಳ ಹೊದಿಕೆಯುಳ್ಳದ್ದೆಂದೂ, ಆ ಹೊದಿಕೆಯಲ್ಲಿ ಅಡಗಿರುವ ಇಂಗಾಲವನ್ನು ಇಂಗಾಲಾಮ್ಲ ವಾಯುವಿನ ರೂಪದಲ್ಲಿ ಎಣಿಸಿದರೆ 3,043 ಕೋಟಿ ಟನ್ನುಗಳಾಗುವದೆಂದೂ, 2005ನೆಯ ಇಸವಿಗೆ ಹೋಲಿಸಿದರೆ ಇದು 229 ಕೋಟಿ ಟನ್ನುಗಳಷ್ಟು ಹೆಚ್ಚೆಂದೂ ಆ ವರದಿಯು ಸಾರಿತು. 2030ರೊಳಗಾಗಿ 250ರಿಂದ 300 ಕೋಟಿ ಟನ್ನುಗಳಷ್ಟು ಇಂಗಾಲಾಮ್ಲವನ್ನು ಹೆಚ್ಚಾಗಿ ಹೀರುವ ವನಗಳನ್ನು ಬೆಳೆಸುವೆವೆಂದು 2015ರಲ್ಲಿ ನಮ್ಮ ಕೇಂದ್ರ ಸರಕಾರವು ಜಗತ್ತಿಗೆ ವಚನವಿತ್ತಿತ್ತಷ್ಟೆ. ಆ ವಚನವು ಬಹುಮಟ್ಟಿಗೆ ನೆರವೇರಿದಂತಾಯಿತೆಂಬದು ಅಧಿಕಾರಸ್ಥರ ಅಭಿಪ್ರಾಯವು.

ಈ ಅಂಕಿಗಳು ಸಂತೋಷವನ್ನುಂಟುಮಾಡತಕ್ಕವೇ ಸರಿ. ಆದರೆ ಇವು ಹೇಗೆ ಬಂದವೆಂಬದನ್ನು ವಿಚಾರಿಸುವದು ದೇಶಾಭಿಮಾನಕ್ಕೆ ವಿರುದ್ಧವಾದುದೆಂದು ಯಾರೂ ತಿಳಿಯಬಾರದು. ಉಪಗ್ರಹಗಳು ಕಳಿಸಿದ ಚಿತ್ರಗಳಿಂದ ಹೊದಿಕೆಯ ವಿಸ್ತಾರವನ್ನು ಗುರುತಿಸುತ್ತಾರೆ. ಆಯ್ದ ತುಂಡು ನೆಲಗಳಲ್ಲಿ ಮರಗಳ ಸುತ್ತಳತೆಯನ್ನು ಹಿಡಿದು, ಸೂತ್ರಗಳ ಮೂಲಕ ಕಾಂಡ ಬೇರುಗಳ ತೂಕವನ್ನು ಊಹಿಸುತ್ತಾರೆ. ಉದುರಿದ ಎಲೆ, ಒಣಗಿದ ಮರ, ಮಣ್ಣು ಇವುಗಳಲ್ಲಿಯ ಇಂಗಾಲವನ್ನೂ ಅದಕ್ಕೆ ಕೂಡಿಸುತ್ತಾರೆ. ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ನೂರಕ್ಕೆ ಹತ್ತು ಪಾಲಾದರೂ ಮರಗಳ ನೆರಳಿರುವ ನೆಲವೆಲ್ಲವೂ, ಅದು ಯಾರ ಒಡೆತನದ್ದೇ ಆಗಲಿ, ಈ ಲೆಕ್ಕದಲ್ಲಿ ಅರಣ್ಯವೆನಿಸುತ್ತದೆ. ಹಾಗೆಂದ ಮೇಲೆ ಕೊಡಗು, ಚಿಕ್ಕಮಗಳೂರುಗಳ ಕಾಫಿಯ ತೋಟಗಳೂ ಸಹ್ಯಾದ್ರಿಯ ನಿತ್ಯಹಸುರಿನ ಕಾಡೂ ಒಂದೇ ಪಂಕ್ತಿಯಲ್ಲಿ ಕುಳಿತುಕೊಳ್ಳುವವು. ಇನ್ನೊಂದು ಮಾತು: ಈ ಇಡೀ ಸಂಚಯದಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವು ಮರದಲ್ಲಿಲ್ಲ, ಮಣ್ಣಿನಲ್ಲಿದೆ. ಹೆಚ್ಚಳವೆಂದು ಹೇಳಿದ 229 ಕೋಟಿ ಟನ್ನುಗಳಾದರೋ 2005ರ ಮೂಲ ಗಂಟಿನ ನೂರಕ್ಕೆ ಎಂಟು ಪಾಲಿನಷ್ಟು. ಗಂಟಿನ ಅರ್ಧವು ಕಣ್ಣಿಗೆ ಕಾಣದ ಮಣ್ಣಿನಲ್ಲಿರುವಾಗ, ಎಂಟು ಪಾಲಿನ ಲಾಭವನ್ನು ಘಂಟಾಘೋಷವಾಗಿ ಸಾರುವವರು ತಮ್ಮ ತಕ್ಕಡಿಯ ನಯವನ್ನು ಎರಡೆರಡು ಸಲ ಪರೀಕ್ಷಿಸಿಕೊಳ್ಳಬೇಡವೇ?

ವರ್ತಕರಾದ ನಮ್ಮ ವಾಚಕರಿಗೆ ಇದು ಬೇಗನೆ ಮನವರಿಕೆಯಾಗುವದು. ವರ್ಷಕ್ಕೊಮ್ಮೆ ಅಂಗಡಿಯ ಮಾಲನ್ನೆಲ್ಲ ತೂಗಿ ಬೆಲೆ ಕಟ್ಟುವದು ಒಂದು ಬಗೆಯ ಲೆಕ್ಕ. ದಿನದಿನದ ಆಯವ್ಯಯವನ್ನು ಕಿರ್ದಿಯಲ್ಲಿ ಬರೆದಿಡುವದು ಇನ್ನೊಂದು ಬಗೆಯದು. ಎರಡೂ ಒಂದಕ್ಕೊಂದು ತಾಳೆಯಾದರೆ ಮಾತ್ರ ಸಾಹುಕಾರನು ನಿಶ್ಚಿಂತನಾಗಿ ಮಲಗುವನು. ನಮ್ಮ ವನಗಳ ಮಟ್ಟಿಗೆ ಮೊದಲನೆಯ ಲೆಕ್ಕವುಂಟು, ಎರಡನೆಯದು ಇಲ್ಲವೆನ್ನುವಷ್ಟು ಅಲ್ಪವಾಗಿದೆ. ಮರಗಿಡಗಳೂ ನೆಲವೂ ಆಕಾಶದೊಡನೆ ಪ್ರತಿನಿತ್ಯ ನಡೆಸುವ ಕೊಡುಕೊಳ್ಳುವಿಕೆಯನ್ನು ಅಳೆಯುವವರು ನಮ್ಮಲ್ಲಿ ಬೆರಳೆಣಿಕೆಯ ಮಂದಿ.

ಈ ಕೊಡುಕೊಳ್ಳುವಿಕೆಯ ಸ್ವರೂಪವು ವಿಚಿತ್ರವಾದುದು. ಹಗಲಿನಲ್ಲಿ ಎಲೆಗಳು ಬಿಸಿಲನ್ನುಂಡು ಗಾಳಿಯೊಳಗಿನ ಇಂಗಾಲಾಮ್ಲವನ್ನು ಹೀರಿ ಆಹಾರವನ್ನು ಮಾಡಿಕೊಳ್ಳುತ್ತವೆ. ಅದೇ ಸಮಯದಲ್ಲಿ ಎಲೆಯ ಸೂಕ್ಷ್ಮರಂಧ್ರಗಳಿಂದ ನೀರು ಆವಿಯಾಗಿ ಹೊರಬೀಳುತ್ತದೆ. ಇರುಳಿನಲ್ಲಿ ಮರಗಳೂ, ಇರುಳು ಹಗಲೆನ್ನದೆ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳೂ ಉಸಿರಾಡಿ, ಹಗಲು ಕೊಂಡ ಇಂಗಾಲದ ಬಹುಭಾಗವನ್ನು ಮರಳಿ ಗಾಳಿಗೆ ಒಪ್ಪಿಸುತ್ತವೆ. ಇಡೀ ಭೂಮಂಡಲದ ಸಸ್ಯಗಳು ವರ್ಷವೊಂದಕ್ಕೆ ಹೀರುವ ಇಂಗಾಲವು ಸುಮಾರು 12,000 ಕೋಟಿ ಟನ್ನುಗಳೆಂದು ಪಂಡಿತರ ಎಣಿಕೆ. ಹೆಚ್ಚುಕಡಿಮೆ ಅಷ್ಟೇ ಹಿಂದಿರುಗಿ ಹೋಗುತ್ತದೆ. ನೆಲದಲ್ಲಿ ಉಳಿಯುವದು 300 ಕೋಟಿ ಟನ್ನುಗಳ ಆಸುಪಾಸು ಮಾತ್ರ. ಮನುಷ್ಯನು ಕಲ್ಲಿದ್ದಲು, ತೈಲಗಳನ್ನು ಸುಟ್ಟೂ ಕಾಡನ್ನು ಕಡಿದೂ ಹೊರಬಿಡುವ ಇಂಗಾಲಾಮ್ಲದಲ್ಲಿ ನೂರಕ್ಕೆ ಸುಮಾರು ಮೂವತ್ತು ಪಾಲನ್ನು ನೆಲವು ನುಂಗಿಕೊಳ್ಳುತ್ತಿರುವದು ಈ ಸಣ್ಣ ಉಳಿತಾಯದಿಂದಲೇ. ವ್ಯವಹಾರವು ಲಕ್ಷಗಟ್ಟಲೆ, ಲಾಭವು ಸಾವಿರದಲ್ಲಿ. ಇಂಥ ವ್ಯಾಪಾರದಲ್ಲಿ ವೆಚ್ಚದ ಕಡೆಗೆ ತುಸು ಏರುಪೇರಾದರೂ ಲಾಭವು ನಷ್ಟವಾಗಿ ಪರಿಣಮಿಸುವದು. ಅಮೆಜಾನಿನ ಆಗ್ನೇಯ ಭಾಗದಲ್ಲಿ ಹೀಗಾದುದನ್ನು 2021ರಲ್ಲಿ ಪ್ರಕಟವಾದ ಪರಿಶೋಧನೆಯು ತೋರಿಸಿಕೊಟ್ಟಿತು. ವಿಮಾನಗಳಿಂದ ಒಂಬತ್ತು ವರ್ಷಗಳ ಕಾಲ ಗಾಳಿಯನ್ನು ಹಿಡಿದು ಅಳೆದಾಗ, ನಕಾಶೆಯಲ್ಲಿ ಬಹುಮಟ್ಟಿಗೆ ಹಸುರಾಗಿಯೇ ಕಾಣುವ ಆ ಪ್ರದೇಶವು ಹೀರುವದಕ್ಕಿಂತ ಹೆಚ್ಚು ಇಂಗಾಲವನ್ನು ಹೊರಹಾಕುತ್ತಿರುವದು ಕಂಡುಬಂದಿತು.

ಹಾಗಾದರೆ ಕಿರ್ದಿಯನ್ನು ಬರೆಯುವ ಬಗೆ ಯಾವುದು? ಕಾಡಿನ ತಲೆಗಿಂತ ಎತ್ತರವಾದ ಕಬ್ಬಿಣದ ಗೋಪುರವೊಂದನ್ನು ನೆಟ್ಟು ಅದರ ತುದಿಯಲ್ಲಿ ಎರಡು ಯಂತ್ರಗಳನ್ನಿಡುತ್ತಾರೆ. ಶಬ್ದದ ಅಲೆಗಳು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ತಲುಪುವ ಕಾಲವನ್ನು ಎಣಿಸಿ ಗಾಳಿಯ ವೇಗವನ್ನೂ ದಿಕ್ಕನ್ನೂ ಹೇಳುವದು ಒಂದು. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಾಯಿಸಿ ಗಾಳಿಯಲ್ಲಿ ಎಷ್ಟು ಇಂಗಾಲಾಮ್ಲ, ಎಷ್ಟು ನೀರಾವಿ ಇದೆಯೆಂದು ತಿಳಿಸುವದು ಇನ್ನೊಂದು. ಕಾಡಿನ ಮೇಲೆ ಬೀಸುವ ಗಾಳಿಯು ಹೊಳೆಯ ನೀರಿನಂತೆ ಸುಳಿಸುಳಿಯಾಗಿ ಸಾಗುತ್ತದಷ್ಟೆ. ಮೇಲಕ್ಕೇಳುವ ಸುಳಿಯು ಕೆಳಗಿಳಿಯುವ ಸುಳಿಗಿಂತ ಹೆಚ್ಚು ತೇವವನ್ನು ಹೊತ್ತಿದ್ದರೆ ನೆಲವು ಆಕಾಶಕ್ಕೆ ನೀರು ಕೊಡುತ್ತಿದೆಯೆಂದು ಅರ್ಥ. ಮೇಲೇಳುವ ಸುಳಿಯಲ್ಲಿ ಇಂಗಾಲಾಮ್ಲವು ಕಡಿಮೆಯಿದ್ದರೆ ಕಾಡು ಅದನ್ನು ಉಂಡಿದೆಯೆಂದು ಅರ್ಥ. ಸೆಕೆಂಡಿಗೆ ಹತ್ತು ಇಪ್ಪತ್ತು ಸಲ ಈ ಎರಡನ್ನೂ ಒಟ್ಟಿಗೆ ಅಳೆದು, ಅರ್ಧ ಗಂಟೆಗೊಮ್ಮೆ ಸರಾಸರಿ ತೆಗೆದರೆ ಕಿರ್ದಿಯ ಒಂದು ಸಾಲು ಸಿದ್ಧವಾಗುವದು. ಎಡ್ಡಿ ಕೋವೇರಿಯನ್ಸ್ ಎಂಬದು ಈ ರೀತಿಗೆ ವಿಜ್ಞಾನಿಗಳಿಟ್ಟ ಹೆಸರು. ಇದರ ತತ್ತ್ವವನ್ನು ಆಸ್ಟ್ರೇಲಿಯದ ಸ್ವಿನ್‌ಬ್ಯಾಂಕ್ ಎಂಬವರು 1951ರಲ್ಲಿಯೇ ಪ್ರತಿಪಾದಿಸಿದ್ದರು. ಅದಕ್ಕೆ ತಕ್ಕ ಚುರುಕಾದ ಯಂತ್ರಗಳು ದೊರೆತ ಮೇಲೆ, ಅಮೇರಿಕದ ಹಾರ್ವರ್ಡ್ ಅರಣ್ಯದಲ್ಲಿ 1990ರ ಸುಮಾರಿನಿಂದ ಎಡೆಬಿಡದೆ ನಡೆದು ಬಂದಿರುವ ದಾಖಲೆಯು ಜಗತ್ತಿಗೆ ಮೇಲ್ಪಂಕ್ತಿಯಾಯಿತು. ಆ ದಶಕದಲ್ಲಿಯೇ ಅಮೇರಿಕ, ಯುರೋಪುಗಳ ಗೋಪುರಗಳು ಒಂದು ಜಾಲವಾಗಿ ಸಂಘಟಿತವಾದವು. ನೆರೆಯ ಚೀನಾ ದೇಶವು 2002ರಲ್ಲಿ ತನ್ನ ಜಾಲವನ್ನು ಕಟ್ಟಿಕೊಂಡಿತು.

ನಮ್ಮಲ್ಲಿ ಪ್ರಯತ್ನವೇ ನಡೆದಿಲ್ಲವೆಂದರೆ ಅನ್ಯಾಯವಾದೀತು. ದೇಶವನ್ನೆಲ್ಲ ವ್ಯಾಪಿಸುವ ಇಂಡೋಫ್ಲಕ್ಸ್ ಎಂಬ ಮಾಪನಜಾಲವು ಬೇಕೆಂದು 2007ರಲ್ಲಿಯೇ ‘ಸೈನ್ಸ್’ ಪತ್ರಿಕೆಯಲ್ಲಿ ಕೆಲವು ವಿದ್ವಾಂಸರು ಸೂಚಿಸಿದ್ದರು. ಆಮೇಲೆ ನಮ್ಮ ಬಾಹ್ಯಾಕಾಶ ಸಂಸ್ಥೆಯವರ ಯೋಜನೆಯಲ್ಲಿ ಉತ್ತರಾಖಂಡದ ಬರ್ಕೋಟ್, ಹಲ್ದ್ವಾನಿಗಳಲ್ಲಿಯೂ ಮಧ್ಯಪ್ರದೇಶದ ಬೇತೂಲಿನ ತೇಗದ ಕಾಡಿನಲ್ಲಿಯೂ ಗೋಪುರಗಳೆದ್ದವು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಅಸ್ಸಾಮಿನ ಕಾಜಿರಂಗ, ತಮಿಳುನಾಡಿನ ಪಿಚ್ಚಾವರಂ ಮೊದಲಾದೆಡೆಗಳಲ್ಲಿ ಅಳೆದರು. ಕಾಜಿರಂಗದ ಫಲಿತಾಂಶವೊಂದನ್ನು ಇಲ್ಲಿ ಹೇಳಲೇಬೇಕು. ಮಳೆಗಾಲದಲ್ಲಿ ಕಾಡು ಹಸುರೇರುವಾಗ ಅದು ಅತ್ಯಧಿಕವಾಗಿ ಇಂಗಾಲವನ್ನು ಹೀರುವದೆಂದು ಯಾರಾದರೂ ಊಹಿಸಿಯಾರು. ಅಳೆದು ನೋಡಿದರೆ, ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿಯೇ ಅದರ ಹೀರಿಕೆಯು ಶಿಖರಕ್ಕೇರಿ, ಮಳೆಗಾಲದ ಮೋಡಗಳು ಬಿಸಿಲನ್ನು ತಡೆದಾಗ ಇಳಿಯುವದು ಗೋಚರವಾಯಿತು. ಎಲೆಯ ಹಸುರನ್ನು ಮಾತ್ರ ನೋಡುವ ಉಪಗ್ರಹದ ಕಣ್ಣಿಗೆ ಈ ಗುಟ್ಟು ಸುಲಭವಾಗಿ ತಿಳಿಯತಕ್ಕದ್ದಲ್ಲ. ಶೀತದೇಶಗಳ ಕಾಡುಗಳನ್ನು ಅಳೆದು ಹೊಸೆದ ಸೂತ್ರಗಳನ್ನು ಮುಂಗಾರಿನ ನಾಡಿಗೆ ಹಾಗೆಯೇ ಹೊಂದಿಸುವದು ಎಷ್ಟು ಅಪಾಯಕರವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಆದರೂ ಸುಳ್ಳು ಹೆಮ್ಮೆಯಿಂದ ಪ್ರಯೋಜನವಿಲ್ಲ. ಜಗತ್ತಿನ ಗೋಪುರಗಳ ದಾಖಲೆಗಳನ್ನು ಒಂದೇ ರೀತಿಯಲ್ಲಿ ಸಂಸ್ಕರಿಸಿ ಸರ್ವರಿಗೂ ತೆರೆದಿಟ್ಟ ಮಹಾಸಂಗ್ರಹವೊಂದರ ವಿವರವು 2020ರಲ್ಲಿ ಪ್ರಕಟವಾಯಿತು. ಅದರಲ್ಲಿ 212 ಸ್ಥಳಗಳ, ಒಟ್ಟು ಸಾವಿರದೈನೂರಕ್ಕೆ ಮಿಕ್ಕಿದ ವರ್ಷಗಳ ದಾಖಲೆಗಳಿವೆ. ಚೀನಾ ಉಂಟು, ಜಪಾನ್ ಉಂಟು, ಮಲೇಷಿಯವೂ ಉಂಟು. ಭಾರತದ ಒಂದು ಸ್ಥಳವೂ ಇಲ್ಲ. ಹವೆಯ ಭವಿಷ್ಯವನ್ನು ಗಣಿಸುವ ಪರದೇಶಗಳ ಪಂಡಿತರು ತಮ್ಮ ಸೂತ್ರಗಳನ್ನು ಒರೆಗೆ ಹಚ್ಚುವದು ಇಂಥ ಸಂಗ್ರಹಗಳ ಮೇಲೆಯೇ. ಅಲ್ಲಿ ನಮ್ಮ ನೆಲದ ದನಿಯಿಲ್ಲದಿದ್ದರೆ, ನಮ್ಮ ಕಾಡುಗಳ ವಿಷಯದಲ್ಲಿ ಅನ್ಯರು ಊಹಿಸಿದ್ದೇ ಪ್ರಮಾಣವಾಗುವದು. ಅದನ್ನು ಅಲ್ಲಗಳೆಯಲು ನಮ್ಮ ಕೈಯಲ್ಲಿ ಪತ್ರವಿರುವದಿಲ್ಲ.

ಕನ್ನಡಿಗರಿಗೆ ಇನ್ನೂ ಸಮೀಪದ ದೃಷ್ಟಾಂತವೊಂದುಂಟು. ಮುಂಗಾರಿನ ಪರಿಶೀಲನೆಗಾಗಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೂಡಿ 2016ರಲ್ಲಿ ಇನ್‌ಕಂಪಾಸ್ ಎಂಬ ಯೋಜನೆಯನ್ನು ನಡೆಸಿದರು. ಆಗ ನೆಟ್ಟ ಮೂರು ಗೋಪುರಗಳಲ್ಲಿ ಎರಡು ಕರ್ನಾಟಕದವು: ಒಂದು ಧಾರವಾಡದಲ್ಲಿ, ಮತ್ತೊಂದು ಗುಂಡ್ಲುಪೇಟೆಯ ತಾಲೂಕಿನ ಬೇರಂಬಾಡಿಯಲ್ಲಿ. ಮೂರನೆಯದು ಕಾನ್ಪುರದ್ದು. ಇವುಗಳ ದಾಖಲೆಗಳು ಬ್ರಿಟನ್ನಿನ ಪರಿಸರ ದತ್ತಾಂಶ ಭಂಡಾರದಲ್ಲಿ ಸಾರ್ವಜನಿಕರಿಗೆ ದೊರೆಯುವಂತೆ ಇಡಲ್ಪಟ್ಟಿವೆ. ಧಾರವಾಡದ ಕರಿಯ ನೆಲವು ಹೇಗೆ ಉಸಿರಾಡಿತೆಂದು ತಿಳಿಯಬಯಸುವ ಧಾರವಾಡದ ವಿದ್ಯಾರ್ಥಿಯು ಆಂಗ್ಲರ ಭಂಡಾರದ ಬಾಗಿಲನ್ನು ತಟ್ಟಬೇಕು! ಇದರಲ್ಲಿ ಬ್ರಿಟಿಷರನ್ನು ದೂರುವ ಕಾರಣವೇನೂ ಇಲ್ಲ. ಅವರು ಅಳೆದರು, ಒಪ್ಪವಾಗಿ ಬರೆದಿಟ್ಟರು, ಬಾಗಿಲನ್ನು ತೆರೆದಿಟ್ಟರು. ನಮ್ಮ ಸ್ವಂತ ದ್ರವ್ಯದಿಂದ ಎದ್ದ ಗೋಪುರಗಳ ದಾಖಲೆಗಳು ಅಷ್ಟು ಸಲೀಸಾಗಿ ನಮ್ಮವರ ಕೈಗೆ ಬಾರದಿರುವದು ಯಾರ ದೋಷವೆಂದು ನಮ್ಮವರೇ ಉತ್ತರಿಸಬೇಕು.

ಇಂಗಾಲದ ಮಾತು ದೂರದ್ದೆಂದು ಉದಾಸೀನರಾಗುವವರು ನೀರಿನ ಲೆಕ್ಕವನ್ನಾದರೂ ಗಮನಿಸಲಿ. ಅದೇ ಗೋಪುರವು ಅದೇ ಕ್ಷಣದಲ್ಲಿ ಎರಡನ್ನೂ ಅಳೆಯುತ್ತದೆ. ಕೇಂದ್ರ ಜಲ ಆಯೋಗದವರು 2019ರಲ್ಲಿ ಮಾಡಿದ ಪುನರ್ಗಣನೆಯಂತೆ ದೇಶದ ಮೇಲೆ ವರ್ಷಕ್ಕೆ ಸುರಿಯುವ ಮಳೆಯು 3,880 ಶತಕೋಟಿ ಘನಮೀಟರುಗಳು. ಅದರಲ್ಲಿ ನದಿಗಳಿಗೂ ಅಂತರ್ಜಲಕ್ಕೂ ದೊರೆತು ಸಂಪತ್ತೆಂದು ಎಣಿಕೆಯಾಗುವದು 1,999 ಶತಕೋಟಿ ಮಾತ್ರ. ಉಳಿದ ಹತ್ತಿರ ಹತ್ತಿರ ಅರ್ಧದಷ್ಟು ನೀರು ಬಹುಮಟ್ಟಿಗೆ ಬೆಳೆ, ಕಾಡು, ಬಯಲುಗಳಿಂದ ಆವಿಯಾಗಿ ಮೇಲಕ್ಕೆ ಹೋಗುವದು. ಕಾವೇರಿಯ ನೀರಿಗಾಗಿ ನಾವು ಶತಮಾನಕ್ಕೂ ಹೆಚ್ಚುಕಾಲ ಹೋರಾಡಿದೆವು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನವರು ಕೊಟ್ಟ ತೀರ್ಪಿನಂತೆ ಬಿಳಿಗುಂಡ್ಲುವಿನಲ್ಲಿ 177.25 ಟಿ.ಎಂ.ಸಿ. ನೀರನ್ನು ನಾವು ಬಿಡತಕ್ಕದ್ದು, ಕಾಲುಭಾಗ ಟಿ.ಎಂ.ಸಿ.ಯವರೆಗೂ ಲೆಕ್ಕವುಂಟು. ಹೊಳೆಯಲ್ಲಿ ಹರಿದುಹೋಗುವ ಪ್ರತಿಯೊಂದು ಹನಿಗೂ ಸಾಕ್ಷಿ, ವಕೀಲ, ನ್ಯಾಯಾಧೀಶರಿದ್ದಾರೆ. ಅದೇ ಕಣಿವೆಯಿಂದ ಆಕಾಶಕ್ಕೆ ಏರುವ ನೀರಿಗೆ ಒಬ್ಬ ಗುಮಾಸ್ತನೂ ಇಲ್ಲ.

ಬೇರಂಬಾಡಿಯು ಕಬಿನಿಯ ಜಲಾನಯನಕ್ಕೆ ಸೇರಿದ ಊರು. ಅಲ್ಲಿಯ ರೈತರು ಕೊಳವೆಬಾವಿಗಳನ್ನು ನಂಬಿ ಅರಿಸಿನ, ಕಬ್ಬುಗಳನ್ನು ಬೆಳೆಯುತ್ತ ಬಂದಂತೆ ಅಂತರ್ಜಲವು ಇಳಿಯುತ್ತ ಹೋದುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಕೂಡಿ ಅನೇಕ ವರ್ಷಗಳಿಂದ ಪರಿಶೀಲಿಸಿದ್ದಾರೆ. ಸಮೀಪದ ಬಂಡೀಪುರದ ಮೂಲೆಹೊಳೆಯ ಕಾಡಿನಲ್ಲಿ ಇದೇ ಮಂಡಲಿಯವರು ಕಂಡುಕೊಂಡುದೇನೆಂದರೆ, ಬಿದ್ದ ಮಳೆಯ ಬಹುಭಾಗವನ್ನು ಮರಗಳೇ ಆಕಾಶಕ್ಕೆ ಹಿಂದಿರುಗಿಸುತ್ತವೆಂಬದು. ಅವುಗಳ ಬೇರುಗಳು ಕೊಳೆತ ಬಂಡೆಯ ಆಳದವರೆಗೆ ಇಳಿದು ನೀರನ್ನು ಸೇದುತ್ತವೆ. ಇನ್ನು ಹೊಲದ ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ಎಕರೆಯೊಂದರ ಮೇಲೆ ಒಂದು ಮಿಲಿಮೀಟರಿನಷ್ಟು ನೀರು ನಿಂತರೆ ಅದು ಸುಮಾರು 4,000 ಲೀಟರುಗಳಾಗುವದು. ಹುಲುಸಾದ ಬೆಳೆಯು ದಿನಕ್ಕೆ ಐದು ಮಿಲಿಮೀಟರಿನಂತೆ ಆವಿಮಾಡುವದೆಂದು ಹಿಡಿದರೆ, ಒಂದೆಕರೆಯಿಂದ ದಿನವೊಂದಕ್ಕೆ 20,000 ಲೀಟರುಗಳು ಗಾಳಿಗೆ ಸೇರಿದವು. ಈ ಐದು ನಿಜವಾಗಿಯೂ ನಾಲ್ಕೋ ಆರೋ ಎಂಬದನ್ನು ಅಳೆದು ಹೇಳುವವರಿಲ್ಲದಿದ್ದರೆ, ತಾಲೂಕಿನ ಅಂತರ್ಜಲವು ಎಷ್ಟು ವರ್ಷ ಬಾಳುವದೆಂಬ ಮಾತೆಲ್ಲವೂ ಜ್ಯೋತಿಷ್ಯವೇ.

ಹನಿನೀರಾವರಿಯ ವಿಷಯದಲ್ಲಿಯೂ ಇದೇ ಕಥೆ. ಇಷ್ಟು ಹೆಕ್ಟೇರುಗಳಿಗೆ ಕೊಳವೆಗಳನ್ನು ಹಾಸಿದೆವು, ಇಷ್ಟು ನೀರು ಉಳಿಯಿತೆಂದು ಇಲಾಖೆಗಳು ಹೇಳುತ್ತವೆ. ಹಿಂದೆ ನೆಲದೊಳಗೆ ಇಂಗಿ ಬಾವಿಗೆ ಮರಳುತ್ತಿದ್ದ ನೀರು ಇಂಗದೆ ಉಳಿಯಿತು, ಅದರಿಂದ ರೈತನು ಇನ್ನೆರಡು ಎಕರೆಗಳಲ್ಲಿ ಕಬ್ಬು ಹಾಕಿದನೆಂದರೆ, ಆಕಾಶಕ್ಕೆ ಹೋದ ನೀರು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ರೈತನದು ತಪ್ಪಲ್ಲ; ಅವನು ತನ್ನ ಹೊಟ್ಟೆಯ ಮಾರ್ಗವನ್ನು ನೋಡಿಕೊಳ್ಳುವನು. ಕೊಳವೆಯ ಉದ್ದವನ್ನು ಅಳೆದು ನೀರನ್ನು ಅಳೆದೆವೆನ್ನುವವರ ಲೆಕ್ಕವೇ ತಪ್ಪು.

ಗೋಪುರವು ಸರ್ವಜ್ಞವೆಂದು ನಾವು ಹೇಳುತ್ತಿಲ್ಲ. ಅದರ ದೃಷ್ಟಿಯು ಗಾಳಿ ಬೀಸುವ ಕಡೆಗೆ ಕೆಲವು ನೂರು ಮೀಟರುಗಳಿಂದ ಒಂದು ಕಿಲೋಮೀಟರಿನವರೆಗೆ ಮಾತ್ರ ಹಾಯುವದು. ಗಾಳಿ ಸ್ತಬ್ಧವಾದ ರಾತ್ರಿಗಳಲ್ಲಿ ಕಾಡಿನ ಉಸಿರು ಮೇಲಕ್ಕೇಳದೆ ಇಳಿಜಾರಿನ ಕಡೆಗೆ ಹರಿದು ತಪ್ಪಿಸಿಕೊಳ್ಳುವದು. ಗುಡ್ಡಗಾಡುಗಳಲ್ಲಿ ಈ ತೊಡಕು ಹೆಚ್ಚು. ಬಿಸಿಲಿನಿಂದ ನೆಲಕ್ಕೆ ಬಂದ ಶಕ್ತಿಗೂ, ಶಾಖ ಮತ್ತು ಆವಿಯ ರೂಪದಲ್ಲಿ ಹೊರಟ ಶಕ್ತಿಗೂ ಲೆಕ್ಕವು ಸರಿಯಾಗಿ ಕೂಡಬೇಕಾದದ್ದು ನ್ಯಾಯ. ಆದರೆ ಜಗತ್ತಿನ ಬಹುಪಾಲು ಗೋಪುರಗಳಲ್ಲಿ ನೂರಕ್ಕೆ ಹತ್ತರಿಂದ ಮೂವತ್ತರಷ್ಟು ಕೊರತೆಯು ಉಳಿದೇ ಇರುತ್ತದೆ. ಮರ ಕಡಿದು ಬಂಡಿಯಲ್ಲಿ ಸಾಗಿಸಿದರೆ ಆ ಇಂಗಾಲವು ಗೋಪುರದ ಅರಿವಿಗೆ ಬಾರದು. ಆದುದರಿಂದಲೇ ಮರದ ಸುತ್ತಳತೆ, ಉಪಗ್ರಹದ ಚಿತ್ರ, ಗೋಪುರದ ಕಿರ್ದಿ ಇವು ಮೂರೂ ಒಂದನ್ನೊಂದು ತಿದ್ದುತ್ತಿರಬೇಕಾದವು. ದೋಷವುಳ್ಳದ್ದೆಂದು ಕಿರ್ದಿಯನ್ನೇ ಇಡದಿರುವ ವರ್ತಕನನ್ನು ಯಾವ ಪೇಟೆಯವರೂ ಜಾಣನೆನ್ನರು.

ಹಣದ ಪ್ರಶ್ನೆಯೊಂದು ಬರುವದು ಸಹಜ. ಈ ಯಂತ್ರಗಳು ಬಹುತೇಕ ಅಮೇರಿಕ, ಇಂಗ್ಲೆಂಡುಗಳ ಕಾರ್ಖಾನೆಗಳಿಂದಲೇ ಬರುತ್ತವೆ; ಬೆಲೆ ಹೆಚ್ಚು, ರಿಪೇರಿ ಕಷ್ಟ. ಆದರೆ ಇದಕ್ಕಿಂತ ಬಡತನದ ಕಾಲದಲ್ಲಿ ನಾವು ಮಾಡಿ ತೋರಿಸಿದ್ದುಂಟು. ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ದುಡಿದ ಅನ್ನಾ ಮಣಿಯವರು 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿ, ಸುಮಾರು ನೂರು ಬಗೆಯ ಉಪಕರಣಗಳ ನಕಾಶೆಗಳನ್ನು ಕ್ರಮಪಡಿಸಿ, ಅವುಗಳನ್ನು ನಮ್ಮಲ್ಲಿಯೇ ತಯಾರಿಸುವಂತೆ ಮಾಡಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೂರ್ಯಕಿರಣವನ್ನು ಅಳೆಯುವ ಠಾಣೆಗಳನ್ನು ದೇಶದಲ್ಲಿ ನೆಲೆಗೊಳಿಸಿದರು. ಚಂದ್ರನ ಮೇಲೆ ಯಂತ್ರವನ್ನು ಇಳಿಸಿದ ನಾಡಿಗೆ ಗಾಳಿಯ ಸುಳಿಯನ್ನು ಎಣಿಸುವ ಯಂತ್ರವು ಅಸಾಧ್ಯವೇ? ಬೇಕಾದದ್ದು ಗೋಪುರವನ್ನು ನೆಡುವ ದಿನದ ಹೂಮಾಲೆಯಲ್ಲ. ಮಸೂರಕ್ಕೆ ಕೂತ ಧೂಳನ್ನು ಒರೆಸುವವನ ಸಂಬಳ, ಬ್ಯಾಟರಿಯ ಬದಲಾವಣೆ, ಸಿಡಿಲಿಗೆ ಸುಟ್ಟ ತಂತಿಯ ಜೋಡಣೆ, ಇವೆಲ್ಲಕ್ಕೂ ಹದಿನೈದು ಇಪ್ಪತ್ತು ವರ್ಷಗಳ ಕಾಲ ತಪ್ಪದೆ ಹಣ ಸಲ್ಲಬೇಕು. ಮೂರು ವರ್ಷದ ಯೋಜನೆ ಮುಗಿದೊಡನೆ ತುಕ್ಕುಹಿಡಿಯುವ ಗೋಪುರವು ಹಕ್ಕಿಗಳಿಗೆ ಮಾತ್ರ ಉಪಯೋಗ.

ಲೆಕ್ಕದ ಬೆನ್ನಿಗೆ ಹಣವು ಹೊರಟಿರುವ ಕಾಲವಿದು. ಗಿಡ ನೆಟ್ಟವರಿಗೆ ಪ್ರತಿಫಲವೀಯುವ ಗ್ರೀನ್ ಕ್ರೆಡಿಟ್ ನಿಯಮಗಳೂ, ಇಂಗಾಲದ ಹಕ್ಕುಗಳನ್ನು ಕೊಂಡುಮಾರುವ ಯೋಜನೆಯೂ 2023ರಲ್ಲಿ ಜಾರಿಗೆ ಬಂದವು. ನೆಟ್ಟ ಸಸಿಗಳ ಎಣಿಕೆಯಲ್ಲಿ ಉತ್ಪ್ರೇಕ್ಷೆ ಎಷ್ಟು ಸುಲಭವೆಂಬದು ವನಮಹೋತ್ಸವಗಳನ್ನು ಕಂಡ ಅಧಿಕಾರಿಗಳಿಗೆ ನಾವು ಹೇಳಬೇಕಾದದ್ದಿಲ್ಲ.

ಕರ್ನಾಟಕ ಸರಕಾರವು ಕೇಂದ್ರದ ದಾರಿಯನ್ನೇ ಕಾಯಬೇಕೆಂಬ ನಿಯಮವಿಲ್ಲ. ಧಾರವಾಡ, ಬೆಂಗಳೂರು, ರಾಯಚೂರು, ಶಿವಮೊಗ್ಗೆಗಳ ಕೃಷಿ ವಿಶ್ವವಿದ್ಯಾಲಯಗಳಿಗೆ ಸ್ವಂತ ನೆಲವೂ ವಿದ್ಯಾರ್ಥಿಗಳೂ ಇರುತ್ತಾರೆ. ಸಹ್ಯಾದ್ರಿಯ ನಿತ್ಯಹಸುರಿನ ಕಾಡಿನಲ್ಲೊಂದು, ಬಂಡೀಪುರದ ಎಲೆಯುದುರುವ ಕಾಡಿನಲ್ಲೊಂದು, ಕೊಡಗಿನ ಕಾಫಿಯ ನೆರಳಿನಲ್ಲೊಂದು, ಮಂಡ್ಯದ ಕಬ್ಬು ಬತ್ತಗಳ ನಾಲೆಯ ಬಯಲಿನಲ್ಲೊಂದು, ಬಿಜಾಪುರದ ಜೋಳದ ಎರೆಯ ಹೊಲದಲ್ಲೊಂದು, ಹೀಗೆ ಐದು ಗೋಪುರಗಳಿಂದ ಆರಂಭವಾದರೆ ಸಾಕು. ದಾಖಲೆಗಳು ತಿಂಗಳು ತಿಂಗಳು ಸಾರ್ವಜನಿಕರಿಗೆ ಸಿಕ್ಕುವಂತಿರಲಿ. ಕನ್ನಡದಲ್ಲಿ ಅವುಗಳ ಸಾರಾಂಶವನ್ನು ತಾಲೂಕು ಕಚೇರಿಗಳಿಗೆ ಕಳಿಸಲಿ. ಬರುವ ಮುಂಗಡಪತ್ರದ ಅಧಿವೇಶನದಲ್ಲಿ ಕಾವೇರಿಯ ಕಣಿವೆಯಿಂದ ಬಂದ ಶಾಸಕರೊಬ್ಬರು ಎದ್ದು, ನಮ್ಮ ಕಣಿವೆಯ ಬೆಳೆಗಳಿಂದಲೂ ಕಾಡುಗಳಿಂದಲೂ ಕಳೆದ ವರ್ಷ ಎಷ್ಟು ಟಿ.ಎಂ.ಸಿ. ನೀರು ಆಕಾಶಕ್ಕೆ ಹೋಯಿತೆಂದು ನೀರಾವರಿ ಮಂತ್ರಿಗಳನ್ನು ಕೇಳಲಿ. ಅಳೆದ ಅಂಕಿ ಎಷ್ಟು, ಊಹೆಯದು ಎಷ್ಟು ಎಂದು ಉಪಪ್ರಶ್ನೆಯನ್ನೂ ಹಾಕಲಿ.